ಬ್ಯಾಟು ಅಳೆಯುತ್ತಿದ್ದ ಮಾಸ್ತರರು

ಚೌಕಾಶಿ ಮಾಡದ ಗಿರಾಕಿಯನ್ನು ಕಂಡರೆ ನನಗೆ ಅನುಮಾನ. ಜೇವರ್ಗಿಯಲ್ಲಿ ಇಪ್ಪತ್ತು ವರ್ಷದಿಂದ ಆಟದ ಸಾಮಾನಿನ ಅಂಗಡಿ ನಡೆಸುತ್ತಿದ್ದೇನೆ. ಅದಕ್ಕೂ ಮೊದಲು ಬಸ್ ಸ್ಟ್ಯಾಂಡಿನ ಎದುರು ತಳ್ಳುಗಾಡಿಯಲ್ಲಿ ರಬ್ಬರ್ ಚೆಂಡು ಮಾರಿದವನು. ಬೆಲೆ ಹೇಳಿದ ಕೂಡಲೇ ತಲೆ ಆಡಿಸುವವನು ಒಂದೋ ಮಂದಿಯ ದುಡ್ಡಿನಲ್ಲಿ ಕೊಳ್ಳುತ್ತಿರುತ್ತಾನೆ, ಇಲ್ಲ ಉದ್ರಿ ಹೇಳಲು ಮಾತು ಹುಡುಕುತ್ತಿರುತ್ತಾನೆ. ಮಾಸ್ತರರು ಎರಡೂ ಅಲ್ಲ. ಶಾಲೆಯ ಹುಡುಗರಿಗೆಂದು ಸ್ವಂತ ದುಡ್ಡಿನಲ್ಲಿ ಎರಡು ವಾಲಿಬಾಲ್ ಕೇಳಿದರು, ನಾನು ನನ್ನ ಪದ್ಧತಿಯಂತೆ ಏರಿಸಿ ಹೇಳಿದೆ, ಅವರು “ಆತು, ಕಟ್ರಿ” ಅಂದರು. ನನಗೇ ಮುಜುಗರವಾಯಿತು.

“ಜರಾ ಕಡಿಮಿ ಮಾಡ್ರಿ ಅಂತ ಕೇಳೂದಿಲ್ಲೇನ್ರಿ ಸರ್?” ಎಂದೆ.

“ಬೆಲಿ ಅಂದ್ರ ನಿಮ್ಮ ಮಾತು. ನಿಮ್ಮ ಮಾತು ಅರ್ಧ ಸುಳ್ಳು ಅಂತ ನಾ ಯಾಕ ತಿಳಕೊಳ್ಳಲಿ?” ಎಂದರು.

ಅಂದಿನಿಂದ ಅವರಿಗೆ ನಾನು ಏರಿಸಿದ ಬೆಲೆ ಹೇಳಲಿಲ್ಲ. ನಾಲಿಗೆಗೆ ಬರಲೇ ಇಲ್ಲ. ಮೂರು ತಾಲೂಕಿನಲ್ಲಿ ನನ್ನಿಂದ ಅತಿ ಕಡಿಮೆ ಬೆಲೆಗೆ ಮಾಲು ಒಯ್ದವರು, ಬೆಲೆಯ ಬಗ್ಗೆ ಒಂದು ಮಾತೂ ಆಡದ ಈ ಮನುಷ್ಯ. ವ್ಯಾಪಾರಕ್ಕೆ ಹೊಸದಾಗಿ ಬರುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಹೀಗೂ ಒಂದು ಚೌಕಾಶಿ ಇದೆ, ಆದರೆ ಅದನ್ನು ಕಲಿಯಲು ಹೋಗಬೇಡಿ. ಹುಟ್ಟಿನಿಂದ ಬಂದಿದ್ದರೆ ಮಾತ್ರ ನಡೆಯುತ್ತದೆ.

ಅವರು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕರು. ಗಿಡ್ಡ ಆಳು, ಬಿಸಿಲಿಗೆ ಸುಟ್ಟ ಕುತ್ತಿಗೆ, ಕಾಲರಿನ ಒಳಗೆ ಮಡಿಸಿಟ್ಟ ಕರ್ಚೀಫು. ಭಾನುವಾರ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ಇದೆಯೋ ಅಲ್ಲಿ ಅಂಪೈರ್. ಆಡುವವರೆಲ್ಲ ನಮ್ಮಂಥವರೇ: ಲೈನ್‌ಮನ್, ಕಂಡಕ್ಟರ್, ಟ್ರ್ಯಾಕ್ಟರ್ ಹೊಡೆಯುವವರು, ತಹಸೀಲ್ ಕಚೇರಿಯ ಗುಮಾಸ್ತರು. ಆಟದಿಂದ ಹೊಟ್ಟೆ ತುಂಬಿಸಿಕೊಳ್ಳುವವರು ಒಬ್ಬರೂ ಇಲ್ಲ. ಆದರೆ ಫೈನಲ್ ಸೋತರೆ ಎಂಟು ದಿನ ಊರಲ್ಲಿ ತಲೆ ಎತ್ತಿ ತಿರುಗುವುದಿಲ್ಲ.

ಮಾಸ್ತರರು ಮೈದಾನಕ್ಕೆ ಬರುವಾಗ ಬಗಲಲ್ಲಿ ಒಂದು ಸಾಗವಾನಿ ಹಲಗೆ ಇರುತ್ತಿತ್ತು. ಯಡ್ರಾಮಿಯ ಬಡಿಗೇರರೊಬ್ಬರಿಂದ ಮಾಡಿಸಿದ್ದು. ನಿಯಮದ ಪುಸ್ತಕದಲ್ಲಿ ಬ್ಯಾಟಿನ ಅಗಲ, ದಪ್ಪ ಎಷ್ಟಿರಬೇಕೆಂದು ಇದೆಯೋ ಅಷ್ಟೇ ಕಿಂಡಿಯನ್ನು ನಡುವೆ ಕೊರೆಸಿದ್ದರು. ಆಟ ಶುರುವಾಗುವ ಮೊದಲು ನೆಲಕ್ಕೆ ಗೋಣಿತಾಟು ಹಾಸಿ ಎರಡೂ ತಂಡದ ಬ್ಯಾಟುಗಳನ್ನು ಸಾಲಾಗಿ ಮಲಗಿಸುತ್ತಿದ್ದರು. ಒಂದೊಂದನ್ನೇ ಎತ್ತಿ ಕಿಂಡಿಯಲ್ಲಿ ತೂರಿಸುವರು. ಅದಕ್ಕೆ ಅವರು ‘ಹಾಜರಿ’ ಎನ್ನುತ್ತಿದ್ದರು, ಕಿಂಡಿಗೆ ‘ಬಾಗಲಾ’.

“ಬಾಗಲದಾಗ ತೂರಿ ಬಂದದ್ದು ಬ್ಯಾಟು. ಬರಲಿಲ್ಲಂದ್ರ ಅದು ಕಟ್ಟಿಗಿ. ಒಲಿಗೆ ಹಾಕ್ರಿ, ಚಾ ಕಾಸ್ರಿ.”

ಒಮ್ಮೆ ಅಫಜಲಪುರದಲ್ಲಿ ದೊಡ್ಡ ಅಧಿಕಾರಿಯೊಬ್ಬರು ತಮ್ಮ ಕಚೇರಿಯ ತಂಡದೊಂದಿಗೆ ಆಡಲು ಬಂದಿದ್ದರು. ಅವರ ಬ್ಯಾಟು ಕಿಂಡಿಯಲ್ಲಿ ಸಿಕ್ಕಿಕೊಂಡಿತು.

“ಇದು ಯಾರ ಬ್ಯಾಟು ಗೊತ್ತದ ಏನ್ರಿ ಮಾಸ್ತರ?”

“ನನಗ ಗೊತ್ತದ್ರಿ ಸಾಹೇಬ್ರ. ಬಾಗಲಕ್ಕ ಗೊತ್ತಿಲ್ಲ.”

ಮಂದಿ ನಕ್ಕರು, ಸಾಹೇಬರೂ ನಗಲೇಬೇಕಾಯಿತು. ಆ ದಿನ ಎದುರು ತಂಡದವರ ಬ್ಯಾಟನ್ನೇ ಎರವಲು ಪಡೆದು ಆಡಿ ಮೊದಲನೇ ಚೆಂಡಿಗೇ ಔಟಾದರು.

ಸಂಘಟಕರು ಹಾಕಿಸಿದ ಊಟವನ್ನು ಮಾಸ್ತರರು ಮುಟ್ಟುತ್ತಿರಲಿಲ್ಲ. ಬೇವಿನ ಮರದ ಕೆಳಗೆ ತಮ್ಮದೇ ಗಂಟು ಬಿಚ್ಚಿ ಕಟಕು ರೊಟ್ಟಿ, ಶೇಂಗಾ ಹಿಂಡಿ ತಿನ್ನುವರು. ಒತ್ತಾಯ ಮಾಡಿದರೆ, “ನಿಮ್ಮ ಹೋಳಿಗಿ ತಿಂದು ನಿಮಗ ಔಟ್ ಕೊಡಾಕ ಕೈ ಏಳಂಗಿಲ್ಲಪ್ಪ” ಎಂದು ನಗುವರು. ತಪ್ಪು ಮಾಡುತ್ತಲೇ ಇರಲಿಲ್ಲ ಎಂದಲ್ಲ. ಒಂದು ಸಲ ಲೈನ್‌ಮನ್ ಒಬ್ಬನಿಗೆ ಔಟ್ ಕೊಟ್ಟರು. ಊಟದ ಹೊತ್ತಿಗೆ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಅವನಿದ್ದಲ್ಲಿಗೆ ಹೋಗಿ, ಎಲ್ಲರೂ ಕೇಳುವಂತೆ, “ನಿಂದು ಔಟ್ ಇರಲಿಲ್ಲೋ ತಮ್ಮಾ. ನಾ ತಪ್ಪಿದೆ” ಅಂದರು.

ಅವನು ಹಣೆ ಬಡಿದುಕೊಂಡ. “ಅಯ್ಯ ಸರ್, ಹೇಳದಽ ಇದ್ರ ಚಲೋ ಇತ್ತಲ್ರಿ! ಈಗ ರಾತ್ರಿ ನಿದ್ದಿ ಬರಂಗಿಲ್ಲ ನನಗ!”

“ನಿನಗ ಬರಂಗಿಲ್ಲ, ಖರೇ. ಹೇಳದಿದ್ರ ನನಗ ಬರ್ತಿರಲಿಲ್ಲ.”

ಇಂಥವರು ನನ್ನ ಕೈಗೆ ಸಿಕ್ಕರು.

ನಮ್ಮ ಧಂದೆಯ ಒಂದು ಸಂಗತಿ ಹೇಳಿಬಿಡುತ್ತೇನೆ, ಕೊಳ್ಳುವವರಿಗೆ ಉಪಯೋಗಕ್ಕೆ ಬರುತ್ತದೆ. ಬ್ಯಾಟು ಒಂದು ಮೂಟೆಯಲ್ಲಿ ಬರುತ್ತದೆ, ಅದರ ಹೆಸರು ಬೇರೊಂದು ಲಕೋಟೆಯಲ್ಲಿ. ಮೂಟೆಯಲ್ಲಿರುವುದು ಬರಿಯ ಬಿಳಿ ಕಟ್ಟಿಗೆ. ಲಕೋಟೆಯಲ್ಲಿ ದೊಡ್ಡ ದೊಡ್ಡ ಕಂಪನಿಗಳ ಸ್ಟಿಕರು. ಗಿರಾಕಿ ಮೊದಲು ಕಟ್ಟಿಗೆ ಎತ್ತಿ ನೋಡಿ ತೂಕ ಒಪ್ಪುತ್ತಾನೆ, ಆಮೇಲೆ ಅವನು ಯಾವ ಹೆಸರು ಕೇಳುತ್ತಾನೋ ಆ ಹೆಸರನ್ನು ನಾನು ಒಳಗೆ ಹೋಗಿ ಅಂಟಿಸಿ ತರುತ್ತೇನೆ. ಈ ಭಾಗದಲ್ಲಿ ಹತ್ತರಲ್ಲಿ ಒಂಬತ್ತು ಬ್ಯಾಟು ಹೀಗೆ ನಾಮಕರಣವಾದವು. ನಕಲಿ ಗುರುತಿಸಬೇಕೆಂದರೆ ಸ್ಟಿಕರಿನ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ. ಅಸಲಿಯದಾದರೆ ಅಂಚು ಏಳುವುದಿಲ್ಲ. ಆದರೆ ಇಷ್ಟನ್ನೂ ಹೇಳಬೇಕು: ಆ ಕಟ್ಟಿಗೆ ಕೆಟ್ಟದ್ದಲ್ಲ. ಚೆಂಡು ಚೆನ್ನಾಗಿಯೇ ಹಾರುತ್ತದೆ.

ಕೊಳಕೂರಿನ ತಂಡದ ಕ್ಯಾಪ್ಟನ್, ಟ್ರ್ಯಾಕ್ಟರ್ ಹೊಡೆಯುವವನು, ಹಾಗೆಯೇ ಒಂದು ಬ್ಯಾಟು ಆರಿಸಿದ. “ಅಸಲಿ ಹೌದಲ್ರಿ ಸಾವ್ಕಾರ?” ಎಂದು ಕೇಳಿದ. ನಾನು, “ಹೆಸರು ಓದಾಕ ಬರ್ತದಲ್ಲೋ ನಿನಗ?” ಅಂದೆ. ಅವನು ಓದಿದ, ಖುಷಿಯಾದ, ಒಯ್ದ. ಸುಳ್ಳು ಹೇಳಿದೆನೆಂದು ನನ್ನನ್ನು ಯಾರೂ ಹಿಡಿಯಲಾರರು. ನಾನು ಮಾತು ಆಡುವುದೇ ಹಾಗೆ.

ಆಳಂದದಲ್ಲಿ ಫೈನಲ್. ಕೊಳಕೂರಿನವರ ಎದುರು ಒಬ್ಬ ಗುತ್ತಿಗೆದಾರ ಕಟ್ಟಿದ ತಂಡ. ಅಂಗಿ, ಪ್ಯಾಂಟು, ಬ್ಯಾಗು ಎಲ್ಲ ಹೊಸದು. ಗುತ್ತಿಗೆದಾರನೇ ಕ್ಯಾಪ್ಟನ್. ಹಾಜರಿ ನಡೆದಿತ್ತು. ಆತ ಕೊಳಕೂರಿನ ಬ್ಯಾಟಿನ ಸ್ಟಿಕರ್ ಅಂಚನ್ನು ಉಗುರಿನಿಂದ ಎಬ್ಬಿಸಿ ಎಲ್ಲರಿಗೂ ತೋರಿಸಿದ.

“ಡುಪ್ಲಿಕೇಟ್ ಬ್ಯಾಟು! ಇದು ನಡ್ಯಂಗಿಲ್ರಿ. ಈ ಟೀಮು ಹೊರಗ ಹಾಕ್ರಿ.”

ಟ್ರ್ಯಾಕ್ಟರಿನವನ ಮುಖ ಇಳಿಯಿತು. ಅವನು ಬೌಂಡರಿಯ ಆಚೆ ನಿಂತಿದ್ದ ನನ್ನ ಕಡೆ ನೋಡಿದ. ನಾನು ಚಪ್ಪಲಿ ನೋಡಿಕೊಂಡೆ.

ಮಾಸ್ತರರು ಬ್ಯಾಟನ್ನು ಬಾಗಲದಲ್ಲಿ ತೂರಿಸಿದರು. ಸಲೀಸಾಗಿ ಹಾಯಿತು. ಉದ್ದ ಅಳೆದರು, ಸರಿಯಿತ್ತು. “ಆಡಾಕ ನಡೀತದ” ಎಂದರು.

“ಅಲ್ರಿ, ನಕಲಿ ಅದ ಅಂತ ಕಣ್ಣಿಗಿ ಕಾಣ್ತದಲ್ಲ!”

“ನಿಯಮದಾಗ ಅಗಲ ಅದ, ಉದ್ದ ಅದ, ಕಟ್ಟಿಗಿ ಅದ. ಕಂಪನಿ ಹೆಸರು ಎಲ್ಲಿ ಅದ ತೋರ್ಸ್ರಿ, ಈಗಽ ಹೊರಗ ಹಾಕ್ತೇನಿ. ಹೆಸರು ಸುಳ್ಳಿದ್ರ ಅದು ಮಾರಿದಾಂವಂದು, ಕೊಂಡಾಂವಂದು ವ್ಯವಹಾರ. ಕಂಪನಿಯವರು ಬಂದು ಕೇಸ್ ಹಾಕಲಿ. ಚೆಂಡಿಗೆ ಹೆಸರು ಬಡಿಯಂಗಿಲ್ಲ, ಕಟ್ಟಿಗಿ ಬಡೀತದ.”

ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರು ಬಿಡುವವರಲ್ಲ, ಹಾಜರಿ ಇನ್ನೂ ಬಾಕಿ ಇತ್ತು. ಗುತ್ತಿಗೆದಾರನ ಬ್ಯಾಟು ಎತ್ತಿದರು. ಅದು ನೂರಕ್ಕೆ ನೂರು ಅಸಲಿ, ಬಿಲ್ಲು ಸಹಿತ ಇತ್ತು. ಆದರೆ ಬದಿ ಸೀಳಿದ್ದಕ್ಕೆ ಯಾರೋ ಫೈಬರ್ ಹಾಳೆ ಸುತ್ತಿ, ಅದರ ಮೇಲೆ ಟೇಪು ಸುತ್ತಿ ಅಗಲ ಮಾಡಿಟ್ಟಿದ್ದರು. ಬಾಗಲದಲ್ಲಿ ಅರ್ಧಕ್ಕೇ ನಿಂತಿತು.

“ಇದು ನಡ್ಯಂಗಿಲ್ಲ” ಎಂದು ಮಾಸ್ತರರು ಅದನ್ನು ಗೋಣಿತಾಟಿನ ಆಚೆ ಇಟ್ಟರು.

“ಅಸಲಿ ನಡ್ಯಂಗಿಲ್ಲ, ನಕಲಿ ನಡೀತದ. ಇದು ಯಾವ ನ್ಯಾಯ್ರಿ?”

“ಅಳತಿ ನ್ಯಾಯ.”

ಕೊಳಕೂರಿನವರು ಗೆದ್ದರು. ಸಂಜೆ ಮಾಸ್ತರರು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಆಟದಾಗ ಅದು ಚಲೋ ಬ್ಯಾಟು. ನಿಮ್ಮ ಅಂಗಡ್ಯಾಗ ಅದು ಸುಳ್ಳು. ಆ ಹುಡುಗಗ ಹೇಳಿ ಮಾರಬೇಕಾಗಿತ್ತು” ಎಂದರು. ಎರಡು ಬೇರೆ ಬೇರೆ ಮಾತುಗಳನ್ನು ಅವರು ಬೇರೆ ಬೇರೆಯಾಗಿಯೇ ಇಟ್ಟಿದ್ದರು. ಅವನ್ನು ಬೆರೆಸಿದವನು ನಾನು.

ಮರುವಾರ ಅಂಗಡಿಯ ಮುಂದೆ ಫ್ಲೆಕ್ಸ್ ಕಟ್ಟಿಸಿದೆ. “ಫೈನಲ್‌ನಲ್ಲಿ ಅಂಪೈರರೇ ಪಾಸ್ ಮಾಡಿದ ಬ್ಯಾಟುಗಳು ಇಲ್ಲಿ ಸಿಗುತ್ತವೆ.” ಬ್ಯಾಟಿನ ಹಿಂಭಾಗಕ್ಕೆ ‘ಪಾಸ್’ ಎಂಬ ದುಂಡು ಚೀಟಿಯನ್ನೂ ಹಚ್ಚಿದೆ. ಅವಕಾಶ ತಾನಾಗಿ ಬಂದಾಗ ಹಿಡಿಯಬೇಕು ಎಂಬುದು ನಾನು ಎಲ್ಲರಿಗೂ ಕೊಡುವ ಬುದ್ಧಿವಾದ. ಹಿಡಿದೆ. ಯಡ್ರಾಮಿ, ಅಫಜಲಪುರಗಳಿಂದಲೂ ಮಂದಿ ಹುಡುಕಿಕೊಂಡು ಬಂದರು. ಗುತ್ತಿಗೆದಾರನೂ ಬಂದ, ಕೊಳ್ಳಲಿಲ್ಲ. ರಸ್ತೆಯ ಆಚೆ ನಿಂತು ಫ್ಲೆಕ್ಸಿನ ಫೋಟೊ ಹೊಡೆದುಕೊಂಡು ಹೋದ.

ಟೂರ್ನಮೆಂಟ್ ನಡೆಸುವ ಕಮಿಟಿಗೆ ಆ ಫೋಟೊ ಹೋಯಿತು. ಜೊತೆಗೆ ಮಾತೂ ಹೋಯಿತು: ಮಾಸ್ತರ ಅಂಗಡಿಯವನ ಮನುಷ್ಯ, ನಕಲಿ ಮಾಲಿಗೆ ಪಾಸ್ ಕೊಡುತ್ತಾನೆ, ಬೇರೆಯವರದ್ದನ್ನು ಬೇಕೆಂದೇ ತೆಗೆದುಹಾಕುತ್ತಾನೆ. ಸಂಘಟಕರ ಅನ್ನ ಮುಟ್ಟದ ಮನುಷ್ಯನ ಮೇಲೆ ಈ ಮಾತು ನಿಲ್ಲುವುದಿಲ್ಲ ಎಂದುಕೊಂಡಿದ್ದೆ. ನಿಂತಿತು. “ಅದಕ್ಕಽ ಉಣ್ತಿರಲಿಲ್ಲ ನೋಡ್ರಿ, ಬ್ಯಾರೆ ಕಡೆ ಉಂಡಿರ್ತಿದ್ದ” ಎಂದು ಚಹಾದಂಗಡಿಯಲ್ಲಿ ನಕ್ಕವರನ್ನು ನಾನೇ ಕೇಳಿದ್ದೇನೆ.

ಅವರು ಅಂಗಡಿಗೆ ಬಂದದ್ದು ಮಧ್ಯಾಹ್ನ. ಕೂಡ್ರಿ ಎಂದರೂ ಕೂಡಲಿಲ್ಲ.

“ಸಾವ್ಕಾರ, ಆ ಬೋರ್ಡ್ ಹಾಕೂಮುಂದ ನನಗ ಒಂದು ಮಾತು ಕೇಳಬೇಕಿತ್ತು.”

“ಅದ್ರಾಗ ನಿಮ್ಮ ಹೆಸರಿಲ್ರಿ ಸರ್.”

“ಹೆಸರ್ಯಾಕ ಬೇಕ್ರಿ? ಮೂರು ತಾಲೂಕಿನಾಗ ಬ್ಯಾಟು ಅಳಿಯಾಂವ ನಾ ಒಬ್ಬಾಂವ.”

“ಈಗಽ ತೆಗೀತೇನ್ರಿ. ಅಷ್ಟಕ್ಕ ಮುಗಸೂಣು.”

“ಹಾಕಿದ್ದು ಎಲ್ಲಾರೂ ನೋಡ್ಯಾರ. ತೆಗದದ್ದು ಯಾರು ನೋಡ್ತಾರ?” ಅವರು ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. “ಐತವಾರ ಕಮಿಟಿ ಕೂಡ್ತದ. ಬಂದು ಎರಡು ಮಾತು ಹೇಳ್ರಿ. ಬೋರ್ಡ್ ಹಾಕಿದ್ದು ಮಾಸ್ತರಗ ಗೊತ್ತಿಲ್ಲ, ಸ್ಟಿಕರ್ ಹಚ್ಚಿದಾಂವ ನಾನು ಅಂತ, ಅಷ್ಟು. ಮುಂದಿನ ವರ್ಷ ನಾ ರಿಟೈರ್ ಆಗ್ತೇನಿ. ಆಮ್ಯಾಲ ನನಗ ಉಳಿಯೂದು ಈ ಮೈದಾನ ಒಂದಽ.”

ಮೊದಲನೆಯದು ಸುಲಭ. ಎರಡನೆಯದು ನನ್ನ ಕುತ್ತಿಗೆ. ಸ್ಟಿಕರ್ ಹಚ್ಚಿದವನು ನಾನು ಎಂದು ನಾಲ್ಕು ಮಂದಿಯ ಎದುರು ಹೇಳಿದರೆ ನಾಳೆ ಅಂಗಡಿಗೆ ಯಾರು ಬರುತ್ತಾರೆ? ಕಂಪನಿಯವರು ಪೊಲೀಸರನ್ನು ಕರೆದುಕೊಂಡು ಬಂದರೆ? ನಾನು ಚೌಕಾಶಿಗೆ ಇಳಿದೆ. ಅಧ್ಯಕ್ಷರಿಗೆ ಖಾಸಗಿಯಾಗಿ ಫೋನ್ ಮಾಡಿ ಹೇಳುತ್ತೇನೆ ಎಂದೆ. ಬೋರ್ಡಿನ ಮಾತು ಮಾತ್ರ ಹೇಳುತ್ತೇನೆ ಎಂದೆ. ಅವರು ಒಂದಕ್ಕೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೇಳಬೇಕಾದ್ದನ್ನು ಹೇಳಿ ಆಗಿತ್ತು. ಕೊನೆಗೆ ನಾನು, “ನೋಡೂಣ್ರಿ ಸರ್” ಎಂದೆ.

ಪೇಟೆಯಲ್ಲಿ ‘ನೋಡೂಣು’ ಎಂದರೆ ‘ಇಲ್ಲ’ ಎಂದರ್ಥ. ಎಳೆ ಮಗುವಿಗೂ ಗೊತ್ತು. ಅವರು ಅದನ್ನು ‘ಬರುತ್ತೇನೆ’ ಎಂದು ತಿಳಿದು ಕೈಮುಗಿದು ಹೋದರು.

ಭಾನುವಾರ ಹೋದೆ. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಹೋದೆ, ಹಿಂದಿನ ಕುರ್ಚಿಯಲ್ಲಿ ಕೂತೆ. ಗುತ್ತಿಗೆದಾರ ಫೋಟೊ ತೋರಿಸಿದ. ಮಾಸ್ತರರು ತಮ್ಮ ಮಾತು ಹೇಳಿದರು: ಅಳತೆ ಸರಿಯಿತ್ತು, ಬೋರ್ಡಿನ ವಿಷಯ ತಮಗೆ ಗೊತ್ತಿರಲಿಲ್ಲ. ಅಧ್ಯಕ್ಷರು ತಿರುಗಿ, “ಸಾವ್ಕಾರ, ನೀವೇನರ ಹೇಳೂದದ ಏನ್ರಿ?” ಎಂದು ಕೇಳಿದರು. ಮಾಸ್ತರರು ನನ್ನತ್ತ ನೋಡಿದರು. ಆ ಮುಖದಲ್ಲಿ ಬೇಡಿಕೆ ಇರಲಿಲ್ಲ, ಗಾಬರಿಯೂ ಇರಲಿಲ್ಲ. ಬಸ್ಸು ಬರುವುದು ಖಾತ್ರಿಯಿರುವವನು ರಸ್ತೆ ನೋಡುವ ಹಾಗೆ ನೋಡುತ್ತಿದ್ದರು.

“ನಂದೇನಿಲ್ರಿ” ಎಂದೆ. “ಕಮಿಟಿ ಹೆಂಗ ಅಂತದ ಹಂಗ.”

ಇನ್ನು ಮುಂದೆ ಇವರನ್ನು ಅಂಪೈರಾಗಿ ಕರೆಯಬಾರದು ಎಂದು ಠರಾವು ಬರೆದುಕೊಂಡರು. ಮಾಸ್ತರರು ಎದ್ದು ಹಲಗೆಯನ್ನು ಮೇಜಿನ ಮೇಲೆ ಇಟ್ಟು, “ಮುಂದ ಯಾರು ಅಳೀತಾರ ಅವರಿಗೆ ಬೇಕಾಗ್ತದ” ಎಂದು ಹೇಳಿ ಹೋದರು. ಮುಂದೆ ಯಾರೂ ಅಳೆಯಲಿಲ್ಲ. ಮುಂದಿನ ಟೂರ್ನಮೆಂಟಿನಲ್ಲಿ ಸ್ಕೋರರನ ಮೇಜಿನ ಕುಂಟು ಕಾಲಿನ ಕೆಳಗೆ ಆ ಹಲಗೆ ಇದ್ದುದನ್ನು ನೋಡಿದೆ. ಗುತ್ತಿಗೆದಾರನ ಟೇಪು ಸುತ್ತಿದ ಬ್ಯಾಟು ಆ ವರ್ಷ ಚೆನ್ನಾಗಿ ಆಡಿತು.

ಅವರು ನನ್ನೊಡನೆ ಜಗಳ ಆಡಲಿಲ್ಲ. ಆಡಿದ್ದರೆ ನಾನೂ ಎರಡು ಮಾತು ಬೈದು ಹಗುರಾಗುತ್ತಿದ್ದೆ. ನಿವೃತ್ತರಾದ ಮೇಲೆ ಒಂದು ಸಲ ಅಂಗಡಿಗೆ ಬಂದರು, ಮೊಮ್ಮಗಳಿಗೆ ಶಟಲ್ ಬ್ಯಾಟು ಬೇಕಿತ್ತು. ಬೆಲೆ ಹೇಳಿದೆ, ಅವರಿಗೆಂದೇ ಇಟ್ಟುಕೊಂಡಿದ್ದ ಬೆಲೆ. ಅವರು ಅದನ್ನು ತಿರುಗಿಸಿ ನೋಡಿ, “ಭಾಳ ಆತು. ಜರಾ ಕಡಿಮಿ ಮಾಡ್ರಿ” ಎಂದರು. ಕಡಿಮೆ ಮಾಡಿದೆ. ಇನ್ನೂ ಕಡಿಮೆ ಕೇಳಿದರು. ಮಾಡಿದೆ. ಎಲ್ಲ ಗಿರಾಕಿಗಳಂತೆ ಕೊನೆಗೆ ಸ್ಟಿಕರಿನ ಅಂಚನ್ನೂ ಕೆರೆದು ನೋಡಿ ಒಯ್ದರು.

ಕಮಿಟಿ ಹೊರಗಿಟ್ಟ ಮೇಲೆ ಏಳು ವರ್ಷ, ಟೂರ್ನಮೆಂಟಿನ ದಿನಗಳಲ್ಲಿ ಅವರು ಮೈದಾನದ ಕಡೆ ಹೋಗಲಿಲ್ಲ. ಮೊನ್ನೆ ಬೇಸಿಗೆಯಲ್ಲಿ ತೀರಿಕೊಂಡರು. ಸತ್ತವರ ಮೇಲೆ ನಮ್ಮ ಮಂದಿಗೆ ಬಹಳ ಪ್ರೀತಿ. ಹದಿನೈದು ದಿನದೊಳಗೆ ಕಮಿಟಿಯವರು ಈ ವರ್ಷದ ಕಪ್ಪಿಗೆ ಅವರ ಹೆಸರಿಡುವುದೆಂದು ತೀರ್ಮಾನ ಮಾಡಿ, ಶಾಲು, ಹಾರ ಹಿಡಿದುಕೊಂಡು ಅವರ ಮನೆಗೆ ಹೊರಟರು. ಕಪ್ಪು ನನ್ನ ಅಂಗಡಿಯದು, ಆದ್ದರಿಂದ ನನ್ನನ್ನೂ ಕರೆದುಕೊಂಡರು. ಅಧ್ಯಕ್ಷರು ಮಾಸ್ತರರ ಪ್ರಾಮಾಣಿಕತೆಯ ಬಗ್ಗೆ ಬಾಗಿಲಲ್ಲೇ ಶುರು ಮಾಡಿದರು.

ಅವರ ಹೆಂಡತಿ ಕೇಳುವಷ್ಟು ಕೇಳಿ, “ಅಷ್ಟು ಚಲೋ ಮನಷ್ಯಾ ಇದ್ರ, ಅವರ ಮ್ಯಾಲ ಬರದದ್ದು ಅಳಸೀರೇನ್ರಿ?” ಎಂದರು.

“ಅದು ಹಳೀ ಮಾತು ಬಿಡ್ರಿ ಅಕ್ಕಾರ.”

“ನಮಗ ಹಳೀದಾಗಿಲ್ಲ. ದಿನಾ ಮುಂಜಾನೆ ಎದ್ದು, ಯಾರರ ಹೇಳಿ ಕಳಿಸ್ಯಾರೇನು ಅಂತ ಕೇಳ್ತಿದ್ರು. ಮೊದಲ ಅದನ್ನ ಅಳಸ್ರಿ. ಆಮ್ಯಾಲ ಹೆಸರಿನ ಮಾತು.”

ಅಳಿಸಬೇಕೆಂದರೆ ಏನು ನಡೆಯಿತೆಂದು ಬಲ್ಲವನು ಹೇಳಬೇಕು. ಅಧ್ಯಕ್ಷರು ನನ್ನನ್ನು ನೋಡಿ ಬೇಡ ಎಂಬಂತೆ ಕಣ್ಣು ಮಿಟುಕಿಸಿದರು. ಅದೇ ನನಗೆ ಸಿಟ್ಟು ತರಿಸಿತೋ, ಬೇರೆ ಏನೋ, “ನಾ ಬರದು ಕೊಡ್ತೇನ್ರಿ ಅಕ್ಕಾರ” ಎಂದುಬಿಟ್ಟೆ.

ಮರುದಿನ ಅಂಗಡಿಯಲ್ಲಿ ಕೂತು ಬರೆದೆ. ಬ್ಯಾಟು ನಾನು ಮಾರಿದ್ದು. ಸ್ಟಿಕರ್ ನಾನು ಹಚ್ಚಿದ್ದು. ಬೋರ್ಡ್ ಅವರನ್ನು ಕೇಳದೆ ಹಾಕಿದ್ದು. ಅವರು ನನ್ನಿಂದ ಒಂದು ಲೋಟ ನೀರನ್ನೂ ಬಿಟ್ಟಿ ಕುಡಿದವರಲ್ಲ. ಕಮಿಟಿಯವರು ಅದನ್ನು ಓದಿ, “ಆತು ಬಿಡ್ರಿ” ಎಂದು ಠರಾವಿನ ಮೇಲೆ ಅಡ್ಡ ಗೀಟು ಎಳೆದರು. ಚಹಾ ಬರುವುದರೊಳಗೆ ಮುಗಿಯಿತು. ಒಬ್ಬರಿಗೂ ನಾಚಿಕೆಯಾಗಲಿಲ್ಲ. ಒಬ್ಬರೂ ನನ್ನನ್ನು ಬೈಯಲಿಲ್ಲ. ಪೊಲೀಸರು ಬರಲಿಲ್ಲ. ಅಂಗಡಿಗೆ ಬರುವವರು ಬರುತ್ತಲೇ ಇದ್ದಾರೆ, ಕಟ್ಟಿಗೆ ಆರಿಸುತ್ತಾರೆ, ಹೆಸರು ಕೇಳುತ್ತಾರೆ. “ಗೊತ್ತಿದ್ದದ್ದಽ ಬಿಡ್ರಿ ಸಾವ್ಕಾರ” ಎಂದು ನಕ್ಕವನು ಕೊಳಕೂರಿನ ಅದೇ ಟ್ರ್ಯಾಕ್ಟರಿನವನು. ಏಳು ವರ್ಷ ಯಾವುದಕ್ಕೆ ಹೆದರಿ ಬಾಯಿ ಕಟ್ಟಿಕೊಂಡಿದ್ದೆನೋ ಅದು ಎಲ್ಲೂ ಇರಲಿಲ್ಲ. ಜೀವಮಾನವಿಡೀ ಪ್ರತಿಯೊಂದರ ಬೆಲೆ ಕೇಳಿದವನು, ಇದೊಂದರ ಬೆಲೆ ಕೇಳದೆಯೇ ದುಬಾರಿ ಎಂದು ತಿಳಿದಿದ್ದೆ.

ಕಾಗದದ ಪ್ರತಿಯನ್ನು ಒಯ್ದು ಅವರ ಹೆಂಡತಿಗೆ ಕೊಟ್ಟೆ. ಹೊಸ್ತಿಲಲ್ಲಿ ನಿಂತೇ ಓದಿದರು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು.

“ಇದನ್ನ ಬರಿಯಾಕ ಎಷ್ಟೊತ್ತು ಹಿಡೀತ್ರಿ?” ಎಂದು ಕೇಳಿದರು.

ಯಾಕೆ ಕೇಳುತ್ತಿದ್ದಾರೆಂದು ನನಗೆ ತಟ್ಟನೆ ತಿಳಿಯಲಿಲ್ಲ. “ಅರ್ಧ ತಾಸ್ರಿ ಅಕ್ಕಾರ.”

“ಅರ್ಧ ತಾಸು” ಎಂದರು ಆಕೆ, ಹೇಳಿದ ಬೆಲೆಯನ್ನು ನಂಬಲಾರದೆ ಮತ್ತೊಮ್ಮೆ ತಾವೇ ಹೇಳಿಕೊಳ್ಳುವ ಗಿರಾಕಿಯ ಹಾಗೆ. ಆಮೇಲೆ ಕಾಗದವನ್ನು ಮಡಚಿ ನನ್ನ ಕೈಯಲ್ಲೇ ಇಟ್ಟು, ಕಪ್ಪಿಗೆ ಹೆಸರು ಬೇಡವೆಂದು ಹೇಳಿ ಒಳಗೆ ಹೋದರು.